ದಿ ಗೋಲ್ಡನ್ ಗರ್ಲ್ಸ್: ಆ ನಾಲ್ಕು ಹೆಂಗಸರ ಮನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪ ತೀರಿಕೊಂಡ ಮೇಲೆ ಅಮ್ಮ ಆರು ತಿಂಗಳು ನಮ್ಮ ಜೊತೆ ಇರೋಕೆ ಅಮೆರಿಕಕ್ಕೆ ಬಂದಿದ್ದರು. ಹೊರಗೆ ಹಿಮ, ಮಾತಾಡೋಕೆ ನೆರೆಹೊರೆ ಇಲ್ಲ, ನಾವಿಬ್ಬರೂ ಕೆಲಸಕ್ಕೆ ಹೋಗಿಬಿಡುತ್ತಿದ್ದೆವು. ಒಂದು ಸಂಜೆ ಸುಮ್ನೆ ಈ ಧಾರಾವಾಹಿ ಹಾಕಿದೆ. ಆ ಚಳಿಗಾಲ ಕಳೆಯುವಷ್ಟರಲ್ಲಿ ಏಳೂ ಸೀಸನ್ ನೋಡಿ ಮುಗಿಸಿದ್ದೆವು. ಅಲ್ಲಿಂದ ಇಲ್ಲಿವರೆಗೆ ಗೆಳತಿಯರು, ಅತ್ತಿಗೆಯರು, ಅಮ್ಮನ ವಯಸ್ಸಿನವರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ಕಥೆಯ ಕೊನೆ ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ‘ಯಾಕೆ ನಿಂತುಹೋಯಿತು’ ಅನ್ನುವ ಪ್ರಶ್ನೆಯನ್ನು ಬಿಟ್ಟು ಓದಿ.

ಇದು ಏನು ಕಥೆ?

ಅಮೆರಿಕದ ಫ್ಲೋರಿಡಾ ರಾಜ್ಯದ ಮಯಾಮಿ ಊರು. ಅಲ್ಲಿ ಒಂದು ಮನೆ. ಆ ಮನೆಯಲ್ಲಿ ನಾಲ್ಕು ಜನ ಹೆಂಗಸರು. ಮೂವರು ವಿಧವೆಯರು, ಒಬ್ಬಳಿಗೆ ವಿಚ್ಛೇದನ ಆಗಿದೆ. ಮಕ್ಕಳು ದೊಡ್ಡವರಾಗಿ ಬೇರೆ ಬೇರೆ ಊರು ಸೇರಿದ್ದಾರೆ. ಇವರು ಬಾಡಿಗೆ ಹಂಚಿಕೊಂಡು, ಅಡುಗೆಮನೆ ಹಂಚಿಕೊಂಡು, ಜಗಳ ಆಡಿಕೊಂಡು ಒಟ್ಟಿಗೆ ಬದುಕುತ್ತಾರೆ. ಕಥೆ ಅಂದರೆ ಇಷ್ಟೇ.

ಎನ್‌ಬಿಸಿ ವಾಹಿನಿಯಲ್ಲಿ 1985ರ ಸೆಪ್ಟೆಂಬರ್ 14ರಂದು ಶುರುವಾಗಿ 1992ರ ಮೇ 9ರಂದು ಮುಗಿಯಿತು. ಏಳು ಸೀಸನ್, 180 ಸಂಚಿಕೆ. ಶನಿವಾರ ರಾತ್ರಿ ಬರುತ್ತಿತ್ತು. ಮೊದಲ ಆರು ವರ್ಷವೂ ದೇಶದ ಅತಿ ಹೆಚ್ಚು ನೋಡುವ ಹತ್ತು ಕಾರ್ಯಕ್ರಮಗಳಲ್ಲಿ ಇದು ಇತ್ತು. ಶನಿವಾರ ರಾತ್ರಿ ಅಂದರೆ ಹುಡುಗ ಹುಡುಗಿಯರು ಹೊರಗೆ ಸುತ್ತುವ ಹೊತ್ತು. ಆ ಹೊತ್ತಿಗೆ ಐವತ್ತು, ಅರವತ್ತು, ಎಂಬತ್ತು ದಾಟಿದ ಹೆಂಗಸರ ಕಥೆಗೆ ಅಷ್ಟು ಜನ ಟಿವಿ ಮುಂದೆ ಕೂತರು. ಅದು ಸಣ್ಣ ಮಾತಲ್ಲ.

ನಾಲ್ವರು ಯಾರು ಯಾರು?

ಡೊರೊತಿ ಜ್ಬೊರ್ನಾಕ್: ಬ್ರೂಕ್ಲಿನ್‌ನವಳು. ರಜೆ ಹಾಕಿದ ಟೀಚರ್‌ಗಳ ಬದಲಿಗೆ ಹೋಗಿ ಪಾಠ ಮಾಡುವ ಮೇಡಂ. ಎತ್ತರದ ಹೆಂಗಸು, ಗಡಸು ದನಿ, ಒಂದು ಹುಬ್ಬು ಎತ್ತಿದರೆ ಎದುರಿಗಿದ್ದವರ ಬಾಯಿ ಕಟ್ಟುತ್ತದೆ. 38 ವರ್ಷ ಸಂಸಾರ ಮಾಡಿದ ಗಂಡ ಸ್ಟ್ಯಾನ್ ಒಬ್ಬ ಗಗನಸಖಿಯ ಹಿಂದೆ ಹೋದವನು. ಈ ಪಾತ್ರ ಮಾಡಿದವರು ಬೀ ಆರ್ಥರ್.

ರೋಸ್ ನೈಲಂಡ್: ಮಿನೆಸೋಟಾದ ಸೇಂಟ್ ಓಲಾಫ್ ಅನ್ನೋ ಹಳ್ಳಿಯವಳು. ಯಾರು ಏನು ಹೇಳಿದರೂ ನಂಬುತ್ತಾಳೆ. ಆದರೆ ಪೆದ್ದಿ ಅಂತ ತಳ್ಳಿಹಾಕಬೇಡಿ, ಹಟಕ್ಕೆ ಬಿದ್ದರೆ ಇವಳನ್ನು ಮೀರಿಸುವವರಿಲ್ಲ. ಗಂಡ ಚಾರ್ಲಿಯನ್ನು ಕಳೆದುಕೊಂಡವಳು. ಬೆಟ್ಟಿ ವೈಟ್ ಮಾಡಿದ ಪಾತ್ರ.

ಬ್ಲಾಂಚ್ ಡೆವರೋ: ಮನೆ ಇವಳದ್ದು. ದಕ್ಷಿಣದ ಜಾರ್ಜಿಯಾ ಕಡೆಯ ಶ್ರೀಮಂತರ ಮನೆ ಮಗಳು, ಮ್ಯೂಸಿಯಂನಲ್ಲಿ ಕೆಲಸ. ಗಂಡಸರ ಸ್ನೇಹ ಇಷ್ಟ, ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ತೀರಿಕೊಂಡ ಗಂಡ ಜಾರ್ಜ್‌ನ ಹೆಸರು ಬಂದರೆ ಇವಳ ದನಿಯೇ ಬೇರೆ. ರೂ ಮೆಕ್ಲಾನಹನ್ ಈ ಪಾತ್ರದಲ್ಲಿದ್ದಾರೆ.

ಸೋಫಿಯಾ ಪೆಟ್ರಿಲ್ಲೋ: ಡೊರೊತಿಯ ಅಮ್ಮ, ಇಟಲಿಯ ಸಿಸಿಲಿಯಿಂದ ಬಂದ ಅಜ್ಜಿ. ಗಿಡ್ಡ ಮೈ, ದೊಡ್ಡ ಕನ್ನಡಕ, ಮನೆಯೊಳಗೂ ಕೈಬಿಡದ ಒಂದು ಬುಟ್ಟಿಯಂಥ ಕೈಚೀಲ. ಪಾರ್ಶ್ವವಾಯು ಹೊಡೆದ ಮೇಲೆ ಇದನ್ನು ಹೇಳಬಾರದು ಅನ್ನೋ ತಡೆ ಇವಳ ಮೆದುಳಿನಲ್ಲಿ ಉಳಿದಿಲ್ಲ, ಹಾಗಾಗಿ ಬಾಯಿಗೆ ಬಂದದ್ದೆಲ್ಲ ಹೊರಗೆ. ಮಾಡಿದವರು ಎಸ್ಟೆಲ್ ಗೆಟ್ಟಿ. ನಮ್ಮಮ್ಮ ಇವತ್ತಿಗೂ ಇವಳ ಹೆಸರು ಹೇಳಲ್ಲ, ‘ನಮ್ಮ ಅಜ್ಜಿ’ ಅಂತಲೇ ಅನ್ನುವುದು.

ಇವರೆಲ್ಲ ಒಂದೇ ಮನೆ ಸೇರಿದ್ದು ಹೇಗೆ?

ಬ್ಲಾಂಚ್ ತನ್ನ ಮನೆಯ ಕೋಣೆಗಳು ಬಾಡಿಗೆಗಿವೆ ಅಂತ ಸೂಪರ್‌ಮಾರ್ಕೆಟ್‌ನ ನೋಟಿಸ್ ಬೋರ್ಡಿಗೆ ಚೀಟಿ ಹಾಕುತ್ತಾಳೆ. ರೋಸ್, ಡೊರೊತಿ ಸಿಕ್ಕಿದ್ದು ಹಾಗೆ. ಮೊದಲ ಸೀಸನ್ನಿನ ಕೊನೆಯ ಸಂಚಿಕೆಯಲ್ಲಿ ಈ ಹಳೇ ಕಥೆ ಬರುತ್ತದೆ. ಸೋಫಿಯಾ ಆಗ ಶೇಡಿ ಪೈನ್ಸ್ ಅನ್ನೋ ವೃದ್ಧಾಶ್ರಮದಲ್ಲಿದ್ದಳು. ಅದಕ್ಕೆ ಬೆಂಕಿ ಬಿದ್ದ ಮೇಲೆ ಮಗಳ ಹತ್ತಿರ ಬಂದವಳು ವಾಪಸ್ ಹೋಗಲೇ ಇಲ್ಲ. ಆಮೇಲೆ ಅಮ್ಮ ಜಾಸ್ತಿ ಮಾತಾಡಿದಾಗೆಲ್ಲ ಡೊರೊತಿ ಆ ಆಶ್ರಮದ ಹೆಸರೆತ್ತಿ ಹೆದರಿಸುತ್ತಾಳೆ. ಏಳು ವರ್ಷವೂ ಹೆದರಿಸುತ್ತಾಳೆ, ಒಂದು ಸಲವೂ ಕಳಿಸುವುದಿಲ್ಲ.

ಇಂಥ ಐಡಿಯಾ ಹೊಳೆದದ್ದು ಯಾರಿಗೆ?

1984ರಲ್ಲಿ ಎನ್‌ಬಿಸಿಯವರು ತಮ್ಮ ಹೊಸ ಕಾರ್ಯಕ್ರಮಗಳನ್ನು ತೋರಿಸಲು ಒಂದು ಸಮಾರಂಭ ಮಾಡಿದರು. ಅವರ ಬೇರೆ ಬೇರೆ ಧಾರಾವಾಹಿಗಳಲ್ಲಿದ್ದ ಸೆಲ್ಮಾ ಡೈಮಂಡ್ ಮತ್ತು ಡೋರಿಸ್ ರಾಬರ್ಟ್ಸ್ ವೇದಿಕೆಗೆ ಬಂದು ‘ಮಯಾಮಿ ವೈಸ್’ ಅನ್ನೋ ಪೊಲೀಸ್ ಧಾರಾವಾಹಿಯ ಹೆಸರನ್ನು ‘ಮಯಾಮಿ ನೈಸ್’ ಅಂತ ತಪ್ಪಾಗಿ ತಿಳಿದುಕೊಂಡವರ ಹಾಗೆ ಒಂದು ಪುಟ್ಟ ಪ್ರಹಸನ ಆಡಿದರು. ವಯಸ್ಸಾದವರು ಮಯಾಮಿಯಲ್ಲಿ ಸುಖವಾಗಿರುವ ಕಥೆ ಅಂತ ಅಂದುಕೊಂಡಿರುತ್ತಾರೆ. ಸಭೆ ನಕ್ಕಿತು. ವಾಹಿನಿಯವರಿಗೆ ಇದನ್ನೇ ಯಾಕೆ ಮಾಡಬಾರದು ಅನ್ನಿಸಿತು.

ನಿರ್ಮಾಪಕ ಪಾಲ್ ಜಂಗರ್ ವಿಟ್ ಈ ಮಾತನ್ನು ಮನೆಗೆ ತಂದು ಹೆಂಡತಿಗೆ ಹೇಳಿದರು. ಆಕೆ ಸೂಸನ್ ಹ್ಯಾರಿಸ್. ಟಿವಿ ಬರವಣಿಗೆಯಲ್ಲಿ ಆಗಲೇ ದೊಡ್ಡ ಹೆಸರು. ಈ ಧಾರಾವಾಹಿಯನ್ನು ಹುಟ್ಟುಹಾಕಿ ಮೊದಲ ಸಂಚಿಕೆ ಬರೆದದ್ದು ಅವರೇ. ನನ್ನ ಪ್ರಕಾರ ಎಲ್ಲದರ ಬೇರು ಇಲ್ಲಿದೆ. ವಯಸ್ಸಾದ ಹೆಂಗಸರು ನಗೆಪಾಟಲಾಗಬಾರದು, ನಗಿಸುವವರು ಅವರೇ ಆಗಬೇಕು ಅನ್ನುವುದು ಆ ಬರವಣಿಗೆಯಲ್ಲಿ ಮೊದಲ ದಿನದಿಂದಲೇ ಇದೆ.

ಅಮ್ಮನ ಪಾತ್ರ ಮಾಡಿದವರು ಮಗಳಿಗಿಂತ ಚಿಕ್ಕವರಂತೆ, ನಿಜಾನಾ?

ನಿಜ. ಬೀ ಆರ್ಥರ್ ಹುಟ್ಟಿದ್ದು 1922ರ ಮೇನಲ್ಲಿ, ಎಸ್ಟೆಲ್ ಗೆಟ್ಟಿ 1923ರ ಜುಲೈನಲ್ಲಿ. ಅಂದರೆ ‘ಅಮ್ಮ’ 14 ತಿಂಗಳು ಚಿಕ್ಕವರು. ಬಿಳಿ ವಿಗ್, ಮುಖದ ಮೇಲೆ ಮೇಕಪ್ಪಿನ ಸುಕ್ಕು, ಬಾಗಿದ ನಡಿಗೆ ಎಲ್ಲ ಸೇರಿ ಅವರನ್ನು ಎಂಬತ್ತರ ಅಜ್ಜಿ ಮಾಡಿದವು. ಗೆಟ್ಟಿ ಅದಕ್ಕೂ ಮುಂಚೆ ವರ್ಷಗಟ್ಟಲೆ ನಾಟಕ ಮಾಡಿದವರು. ಹೆಸರು ಬಂದದ್ದು ಅರವತ್ತು ದಾಟುವ ಹೊತ್ತಿಗೆ. ಇನ್ನೊಂದು ವಿಷಯ: ನಾಲ್ವರಲ್ಲಿ ತುಂಬ ಚಿಕ್ಕವರು ರೂ ಮೆಕ್ಲಾನಹನ್. ಶುರುವಾದಾಗ ಅವರಿಗೆ 51.

ಬೆಟ್ಟಿ ವೈಟ್ ಮೊದಲು ಬ್ಲಾಂಚ್ ಆಗಬೇಕಿತ್ತಾ?

ಹೌದು. ಈ ವಿಷಯ ನನಗೆ ತುಂಬ ಇಷ್ಟ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಬೆಟ್ಟಿ ವೈಟ್ ಎಪ್ಪತ್ತರ ದಶಕದಲ್ಲಿ ‘ದಿ ಮೇರಿ ಟೈಲರ್ ಮೂರ್ ಶೋ’ದಲ್ಲಿ ಗಂಡಸರ ಮೇಲೆ ಕಣ್ಣಿಟ್ಟ ಹೆಂಗಸಿನ ಪಾತ್ರ ಮಾಡಿ ಗೆದ್ದಿದ್ದರು. ರೂ ಮೆಕ್ಲಾನಹನ್ ‘ಮಾಡ್’ ಅನ್ನೋ ಧಾರಾವಾಹಿಯಲ್ಲಿ ಬೀ ಆರ್ಥರ್‌ಗೆ ಪೆದ್ದು ಗೆಳತಿಯಾಗಿದ್ದರು. ಹಾಗಾಗಿ ಬೆಟ್ಟಿಗೆ ಬ್ಲಾಂಚ್, ರೂಗೆ ರೋಸ್ ಅಂತ ಲೆಕ್ಕ ಹಾಕಿದ್ದರು. ಮೊದಲ ಸಂಚಿಕೆಯ ನಿರ್ದೇಶಕ ಜೇ ಸ್ಯಾಂಡ್ರಿಚ್, ಇಬ್ಬರೂ ಮಾಡಿದ್ದನ್ನೇ ಮತ್ತೆ ಮಾಡಿದ ಹಾಗಾಗುತ್ತದೆ, ಅದಲು ಬದಲು ಮಾಡಿ ನೋಡೋಣ ಅಂದರು. ಆಮೇಲೆ ಬೇರೆ ಥರ ಯೋಚಿಸುವ ಪ್ರಶ್ನೆಯೇ ಬರಲಿಲ್ಲ.

ಬೀ ಆರ್ಥರ್‌ಗೂ ಮೊದಲು ಮನಸ್ಸಿರಲಿಲ್ಲ. ಹಳೇ ಪಾತ್ರಗಳನ್ನೇ ಇನ್ನೊಂದು ಮನೆಯಲ್ಲಿ ಕೂರಿಸುತ್ತಿದ್ದಾರೆ ಅಂದುಕೊಂಡಿದ್ದರು. ರೂ ಫೋನ್ ಮಾಡಿ ಪಾತ್ರಗಳು ಅದಲು ಬದಲಾಗಿವೆ ಅಂದ ಮೇಲೆ ಒಪ್ಪಿದರು. ಸೂಸನ್ ಹ್ಯಾರಿಸ್ ಡೊರೊತಿಯನ್ನು ಬರೆಯುವಾಗಲೇ ಬೀ ಆರ್ಥರ್ ಥರದವರು ಬೇಕು ಅಂತ ಮನಸ್ಸಲ್ಲಿಟ್ಟುಕೊಂಡಿದ್ದರು.

ಬೆಟ್ಟಿ ವೈಟ್ ರೋಸ್‌ಳ ಮಾತು ಹೇಳುವಾಗ ಅವರ ಕಣ್ಣು ನೋಡಿ. ತಾನು ಹೇಳುತ್ತಿರುವುದು ತಮಾಷೆ ಅಂತ ರೋಸ್‌ಗೆ ಗೊತ್ತೇ ಇಲ್ಲ ಅನ್ನೋ ಹಾಗೆ, ಮನಸ್ಸಿಟ್ಟು ಹೇಳುತ್ತಾರೆ. ಅದಕ್ಕೇ ಅಷ್ಟು ನಗು ಬರುವುದು.

ಮೊದಲ ಸಂಚಿಕೆಯಲ್ಲಿ ಒಬ್ಬ ಅಡುಗೆಯವನಿದ್ದ. ಎಲ್ಲಿ ಹೋದ?

ಅವನ ಹೆಸರು ಕೋಕೋ, ಮಾಡಿದವರು ಚಾರ್ಲ್ಸ್ ಲೆವಿನ್. ಸೋಫಿಯಾ ಆಗೊಮ್ಮೆ ಈಗೊಮ್ಮೆ ಬಂದುಹೋಗುವ ಪಾತ್ರ ಅಂತಿತ್ತು. ಮೊದಲ ಸಂಚಿಕೆ ನೋಡಿದವರು ಅಜ್ಜಿಗೆ ಮರುಳಾದರು. ಅಜ್ಜಿ ಮನೆಯಲ್ಲೇ ಉಳಿದಳು, ಕೋಕೋ ಎರಡನೇ ಸಂಚಿಕೆಗೇ ಇಲ್ಲ. ಅವನು ಇದ್ದಿದ್ದರೆ ಅಡುಗೆಮನೆ ಅವನದಾಗುತ್ತಿತ್ತು. ಈ ಹೆಂಗಸರ ಅಷ್ಟೂ ಮಾತು ನಡೆಯುವುದು ಅಡುಗೆಮನೆಯಲ್ಲಿ. ಹಾಗಾಗಿ ಒಳ್ಳೆಯದೇ ಆಯಿತು ಅಂತ ನನಗನ್ನಿಸುತ್ತದೆ.

ಯಾವಾಗಲೂ ಚೀಸ್‌ಕೇಕ್ ತಿನ್ನುತ್ತಾರಲ್ಲ, ಯಾಕೆ?

ಒಂದು ದೃಶ್ಯ ಹೀಗಿರುತ್ತದೆ. ರಾತ್ರಿ. ಒಬ್ಬಳಿಗೆ ನಿದ್ದೆ ಬರಲ್ಲ, ನೈಟ್ ಗೌನ್ ಸುತ್ತಿಕೊಂಡು ಅಡುಗೆಮನೆಗೆ ಬರುತ್ತಾಳೆ. ಲೈಟ್ ಹಾಕುತ್ತಾಳೆ. ಫ್ರಿಜ್ ಬಾಗಿಲು ತೆಗೆದ ಸದ್ದಿಗೋ ಏನೋ, ಇನ್ನೊಬ್ಬಳು ಬರುತ್ತಾಳೆ. ಆಮೇಲೆ ಮತ್ತೊಬ್ಬಳು. ಮೇಜಿನ ಮೇಲೆ ಕೇಕ್ ಬರುತ್ತದೆ. ಯಾರೂ ಏನಾಯ್ತು ಅಂತ ನೇರವಾಗಿ ಕೇಳಲ್ಲ. ತಟ್ಟೆ, ಫೋರ್ಕ್ ಹಂಚುತ್ತಾರೆ. ರೋಸ್ ಊರ ಕಥೆ ಶುರು ಮಾಡುತ್ತಾಳೆ, ಡೊರೊತಿ ತಡೆಯುತ್ತಾಳೆ, ಬ್ಲಾಂಚ್ ಯಾವುದೋ ಗಂಡಸಿನ ನೆನಪು ತೆಗೆಯುತ್ತಾಳೆ. ಅರ್ಧ ಕೇಕ್ ಆಗುವ ಹೊತ್ತಿಗೆ ನಿದ್ದೆಗೆಡಿಸಿದ ವಿಷಯ ತಾನಾಗಿ ಹೊರಗೆ ಬಂದಿರುತ್ತದೆ.

ನಮ್ಮಲ್ಲಿ ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿಸಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಹೆಂಗಸರು ಮಾತಾಡುತ್ತಾರಲ್ಲ, ಇದೂ ಅದೇ. ಮೊದಲ ಸಲ ಇಂಥ ದೃಶ್ಯ ನೋಡಿದಾಗ ಅಮ್ಮ ಹೊದ್ದಿದ್ದ ಶಾಲು ಸರಿ ಮಾಡಿಕೊಳ್ಳುತ್ತಾ ಅಂದರು: “ಊಟ ಆಯ್ತಾ, ನಿದ್ದೆ ಬಂತಾ ಅಂತ ಕೇಳೋರು ಇದ್ದಾರಲ್ಲೇ ಇವರಿಗೆ. ಅಷ್ಟು ಸಾಕು ಕಣೇ.” ನಾನು ರಿಮೋಟ್ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಅಪ್ಪ ಹೋದ ಮೇಲೆ ಅಮ್ಮ ಒಂಟಿತನದ ಬಗ್ಗೆ ಬಾಯಿಬಿಟ್ಟದ್ದು ಅದೇ ಮೊದಲು.

ನಾಲ್ಕು ಜನರಿಗೆ ಮೂರೇ ಕುರ್ಚಿ ಯಾಕೆ?

ಕ್ಯಾಮೆರಾಗೆ ಯಾರೂ ಬೆನ್ನು ಹಾಕಬಾರದು, ಅದಕ್ಕೆ. ಪ್ರೇಕ್ಷಕರ ಎದುರಿಗೇ ನಾಟಕದ ಹಾಗೆ ಆಡಿ ರೆಕಾರ್ಡ್ ಮಾಡುತ್ತಿದ್ದರು, ಮೇಜಿನ ಒಂದು ಬದಿ ಖಾಲಿ ಇರಲೇಬೇಕು. ನಾಲ್ವರೂ ಇದ್ದರೆ ಒಬ್ಬರು ನಿಂತಿರುತ್ತಾರೆ, ಇಲ್ಲಾ ಸ್ಟೂಲ್ ಎಳೆದುಕೊಳ್ಳುತ್ತಾರೆ.

ಸೇಂಟ್ ಓಲಾಫ್ ನಿಜವಾದ ಊರಾ?

ರೋಸ್ ಹೇಳುವ ಊರು ಕಲ್ಪನೆಯದು. ಮಿನೆಸೋಟಾದಲ್ಲಿ ಸೇಂಟ್ ಓಲಾಫ್ ಹೆಸರಿನ ಕಾಲೇಜು ಇದೆ. ನಾರ್ವೆ, ಸ್ವೀಡನ್ ಕಡೆಯಿಂದ ಬಂದು ನೆಲೆಸಿದವರು ಆ ರಾಜ್ಯದಲ್ಲಿ ಜಾಸ್ತಿ, ರೋಸ್‌ಳ ಕಥೆಗಳಲ್ಲಿ ಬರುವ ವಿಚಿತ್ರ ಹೆಸರುಗಳು, ಮೀನಿನ ತಿಂಡಿಗಳು ಎಲ್ಲ ಆ ಬಣ್ಣದವು. ಸೋಫಿಯಾ ತನ್ನ ಸಿಸಿಲಿ ಕಥೆಗಳನ್ನು ‘ಕಣ್ಣ ಮುಂದೆ ತಂದುಕೊಳ್ಳಿ: ಸಿಸಿಲಿ, ಇಸವಿ ಇಷ್ಟು’ ಅನ್ನೋ ಧಾಟಿಯಲ್ಲಿ ಶುರು ಮಾಡುತ್ತಾಳೆ. ಬ್ಲಾಂಚ್‌ಳದ್ದು ಜಾರ್ಜಿಯಾದ ದೊಡ್ಡ ಮನೆಯ ಕಥೆಗಳು. ಹುಟ್ಟೂರು ಬಿಟ್ಟು ಬಂದವರು ಊರನ್ನು ಬಾಯಲ್ಲಿ ಕಟ್ಟಿಕೊಂಡು ತಿರುಗುತ್ತಾರೆ ಅನ್ನುವುದು ಪರದೇಶದಲ್ಲಿರುವ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ.

ಬರೀ ತಮಾಷೆನಾ, ಗಂಭೀರ ವಿಷಯಗಳೂ ಇವೆಯಾ?

ತುಂಬ ಇವೆ. ನಗಿಸುತ್ತಾ ನಗಿಸುತ್ತಾ ಕರುಳಿಗೆ ಕೈ ಹಾಕುತ್ತದೆ ಈ ಧಾರಾವಾಹಿ.

1986ರಲ್ಲಿ ಡೊರೊತಿಯ ಗೆಳತಿ ಜೀನ್ ಮನೆಗೆ ಬರುತ್ತಾಳೆ. ಅವಳು ಲೆಸ್ಬಿಯನ್. ಬ್ಲಾಂಚ್ ಅದನ್ನು ‘ಲೆಬನೀಸ್’, ಅಂದರೆ ಲೆಬನಾನ್ ದೇಶದವಳು, ಅಂತ ಕೇಳಿಸಿಕೊಳ್ಳುತ್ತಾಳೆ, ಮನೆಯೆಲ್ಲ ನಗು. ಆದರೆ ಜೀನ್‌ಳನ್ನು ನೋಡಿ ಯಾರೂ ನಗುವುದಿಲ್ಲ. ತನ್ನ ಮಕ್ಕಳಲ್ಲಿ ಯಾರಾದರೂ ಹಾಗಿದ್ದರೂ ಪ್ರೀತಿ ಒಂದು ಚೂರೂ ಕಡಿಮೆಯಾಗಲ್ಲ ಅನ್ನೋ ಅರ್ಥದ ಮಾತು ಎಂಬತ್ತರ ಅಜ್ಜಿ ಸೋಫಿಯಾಳ ಬಾಯಿಂದ ಬರುತ್ತದೆ. ಮುಂದೆ ಬ್ಲಾಂಚ್‌ಳ ತಮ್ಮ ಕ್ಲೇಟನ್ ತಾನು ಗೇ ಅಂತ ಹೇಳಿಕೊಳ್ಳುತ್ತಾನೆ. 1991ರ ಸಂಚಿಕೆಯಲ್ಲಿ ತನ್ನ ಗೆಳೆಯನನ್ನು ಮದುವೆಯಾಗುತ್ತೇನೆ ಅಂತ ಬರುತ್ತಾನೆ. ಬ್ಲಾಂಚ್‌ಗೆ ಒಪ್ಪಿಕೊಳ್ಳೋಕೆ ಕಷ್ಟವಾಗುತ್ತದೆ. ಆ ಕಷ್ಟವನ್ನೂ ಮುಚ್ಚದೆ ತೋರಿಸಿದ್ದಾರೆ.

1990ರಲ್ಲಿ ರೋಸ್‌ಗೆ ಆಸ್ಪತ್ರೆಯಿಂದ ಕಾಗದ ಬರುತ್ತದೆ. ಹಿಂದೆ ಆಪರೇಷನ್ ಹೊತ್ತಿಗೆ ಹಾಕಿದ ರಕ್ತದಲ್ಲಿ ಎಚ್‌ಐವಿ ಇದ್ದಿರಬಹುದು, ಪರೀಕ್ಷೆ ಮಾಡಿಸಿ ಅಂತ. ಫಲಿತಾಂಶಕ್ಕೆ 72 ಗಂಟೆ ಕಾಯಬೇಕು. ಸೋಫಿಯಾ ಹೆದರಿ ರೋಸ್‌ಳ ಕಪ್ಪಿಗೆ ಗುರುತು ಮಾಡಿ ಇಡುತ್ತಾಳೆ. ನಾನು ಒಳ್ಳೆಯವಳು, ನನಗೇಕೆ ಹೀಗೆ ಅಂತ ರೋಸ್ ಅತ್ತಾಗ, ಇದು ಕೆಟ್ಟವರಿಗೆ ಬರುವ ಕಾಯಿಲೆ ಅಲ್ಲ, ದೇವರು ಕೊಡುವ ಶಿಕ್ಷೆಯೂ ಅಲ್ಲ ಅಂತ ಬ್ಲಾಂಚ್ ಗಟ್ಟಿಯಾಗಿ ಹೇಳುತ್ತಾಳೆ. ಆ ಕಾಲದಲ್ಲಿ ಅದು ಎಷ್ಟೋ ಮನೆಗಳ ಒಳಗೆ ಹೋಗಿ ಮುಟ್ಟಬೇಕಾಗಿದ್ದ ಮಾತು.

ಸೋಫಿಯಾ ಸಮುದ್ರದ ದಂಡೆಯ ಬೆಂಚಿನ ಮೇಲೆ ಆಲ್ವಿನ್ ಅನ್ನೋ ಮುದುಕನ ಸ್ನೇಹ ಮಾಡುವ ಸಂಚಿಕೆಯೂ ಇದೆ. ಇಬ್ಬರೂ ತಿಂಡಿ ಹಂಚಿಕೊಳ್ಳುತ್ತಾರೆ. ಅವನಿಗೆ ಅಲ್ಜೈಮರ್ಸ್ ಅಂತ ಆಮೇಲೆ ತಿಳಿಯುತ್ತದೆ. ಕೊನೆಗೆ ಅದೇ ಬೆಂಚಿನ ಮೇಲೆ ಅಜ್ಜಿ ಒಬ್ಬಳೇ ಕೂತಿರುತ್ತಾಳೆ. ಅಲ್ಲಿ ಮಾತೇ ಇಲ್ಲ.

ನಾನು ಹೆಚ್ಚು ಅತ್ತದ್ದು ಸೋಫಿಯಾಳ ಮಗ ಫಿಲ್ ಸತ್ತ ಸಂಚಿಕೆಗೆ. ಹೆಂಗಸರ ಬಟ್ಟೆ ಹಾಕಿಕೊಳ್ಳುವ ಮಗ ಅವನು. ಅವನನ್ನು ನಾವು ಒಮ್ಮೆಯೂ ನೋಡಿರುವುದಿಲ್ಲ, ಐದು ವರ್ಷ ಅವನ ಬಗ್ಗೆ ಬರೀ ಹಾಸ್ಯ ಕೇಳಿರುತ್ತೇವೆ. ಸೋಫಿಯಾ ಅಂತ್ಯಕ್ರಿಯೆ ಪೂರ್ತಿ ಕಲ್ಲಿನ ಹಾಗೆ ಕೂತಿರುತ್ತಾಳೆ, ಸೊಸೆಯ ಮೇಲೆ ಹರಿಹಾಯುತ್ತಾಳೆ. ಕೊನೆಗೆ ಆ ಸಿಟ್ಟಿನ ಅಡಿಯಲ್ಲಿ ಇದ್ದದ್ದು ಬರುತ್ತದೆ: ಮಗ ಹೀಗಾಗಲು ತಾನೇ ಏನೋ ತಪ್ಪು ಮಾಡಿದೆ ಅನ್ನೋ ತಾಯಿಯ ಕೊರಗು. ಎಸ್ಟೆಲ್ ಗೆಟ್ಟಿ ಆ ಒಂದು ನಿಮಿಷದಲ್ಲಿ ಮಾಡಿದ್ದನ್ನು ನೋಡಿಯೇ ತಿಳಿಯಬೇಕು.

ಡೊರೊತಿಯ ಕಾಯಿಲೆಯ ಸಂಚಿಕೆ ಬಗ್ಗೆ ಎಲ್ಲರೂ ಯಾಕೆ ಅಷ್ಟು ಹೇಳುತ್ತಾರೆ?

1989ರಲ್ಲಿ ಬಂದ ಎರಡು ಭಾಗದ ಸಂಚಿಕೆ ಅದು. ಡೊರೊತಿಗೆ ತಿಂಗಳುಗಟ್ಟಲೆ ಸುಸ್ತು. ಕೆಲವೊಮ್ಮೆ ಮಾತಾಡಲೂ ತ್ರಾಣವಿಲ್ಲ. ಡಾಕ್ಟರುಗಳು ಒಬ್ಬರಾದ ಮೇಲೆ ಒಬ್ಬರು, ನಿಮಗೇನೂ ಆಗಿಲ್ಲ, ವಯಸ್ಸಾಗುತ್ತಿದೆ, ಮನಸ್ಸಿನದು ಅಂತ ಕಳಿಸುತ್ತಾರೆ. ನ್ಯೂಯಾರ್ಕ್‌ನ ದೊಡ್ಡ ತಜ್ಞನೂ ಹಾಗೇ. ಕೊನೆಗೆ ಒಬ್ಬ ಡಾಕ್ಟರ್ ಇದಕ್ಕೊಂದು ಹೆಸರಿದೆ, ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅನ್ನುತ್ತಾನೆ. ವಾಸಿಯಾಗುತ್ತದೆ ಅಂತ ಅಲ್ಲ, ಕಾಯಿಲೆಗೆ ಹೆಸರು ಸಿಕ್ಕಿತಲ್ಲ ಅಂತ ಸಂತೋಷಪಟ್ಟು ನಾಲ್ವರೂ ಹೋಟೆಲಿಗೆ ಹೋಗುತ್ತಾರೆ. ಅಲ್ಲಿ ಆ ತಜ್ಞ ಕಾಣುತ್ತಾನೆ. ಡೊರೊತಿ ಎದ್ದು ಅವನ ಮೇಜಿನ ಹತ್ತಿರ ಹೋಗಿ ನಿಲ್ಲುತ್ತಾಳೆ. ಕೂಗಾಡುವುದಿಲ್ಲ. ನೀವು ನನ್ನ ಮಾತು ಕೇಳಲೇ ಇಲ್ಲ ಅನ್ನುವುದನ್ನು ಒಂದೊಂದಾಗಿ ಹೇಳುತ್ತಾಳೆ.

ಸೂಸನ್ ಹ್ಯಾರಿಸ್ ಸ್ವತಃ ಇಂಥದ್ದನ್ನು ಅನುಭವಿಸಿ ಬರೆದದ್ದು ಇದು. ಅವರ ಕಾಯಿಲೆಯನ್ನೂ ಡಾಕ್ಟರುಗಳು ಗುರುತಿಸಿರಲಿಲ್ಲ.

ಅಮ್ಮನಿಗೆ ಭುಜದ ನೋವು ಎರಡು ವರ್ಷ ಇತ್ತು. ಊರಲ್ಲಿ ತೋರಿಸಿದ ಆಸ್ಪತ್ರೆಯಲ್ಲಿ ‘ಈ ವಯಸ್ಸಿಗೆ ಇದೆಲ್ಲ ಸಹಜ, ಮನೆಯಲ್ಲಿ ಸುಮ್ಮನೆ ಕೂರಬೇಡಿ, ಮೊಮ್ಮಕ್ಕಳ ಜೊತೆ ಆಡಿ’ ಅಂದಿದ್ದರು. ಒಂದು ಎಕ್ಸ್‌ರೇ ಕೂಡ ತೆಗೆಸಿರಲಿಲ್ಲ. ಆ ಹೋಟೆಲ್ ದೃಶ್ಯ ಮುಗಿದ ಮೇಲೆ ಅಮ್ಮ ಇನ್ನೊಂದು ಸಲ ಹಾಕು ಅಂದರು. ಮಾರನೇ ವಾರ ತಾವಾಗೇ “ನನ್ನನ್ನ ಇನ್ನೊಬ್ಬ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀಯಾ” ಅಂತ ಕೇಳಿದರು.

ದುಡ್ಡಿನ ಕಷ್ಟ ತೋರಿಸುತ್ತಾರಾ, ಇಲ್ಲಾ ಎಲ್ಲರೂ ಶ್ರೀಮಂತರಾ?

ತೋರಿಸುತ್ತಾರೆ. ಒಟ್ಟಿಗೆ ಇರುವುದಕ್ಕೆ ಅದೂ ಒಂದು ಕಾರಣ. ಒಂದು ಸಂಚಿಕೆಯಲ್ಲಿ ಚಾರ್ಲಿಯ ಕಂಪನಿ ದಿವಾಳಿಯಾಗಿ ರೋಸ್‌ಳ ಪಿಂಚಣಿ ನಿಂತುಹೋಗುತ್ತದೆ. ಆ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಹೊರಟವಳಿಗೆ ಎಲ್ಲ ಕಡೆ ಬಾಗಿಲು ಮುಚ್ಚುತ್ತದೆ. ಕೊನೆಗೆ ಟಿವಿ ಸ್ಟೇಷನ್ನಿನಲ್ಲಿ, ಗ್ರಾಹಕರ ದೂರುಗಳ ಬಗ್ಗೆ ವರದಿ ಮಾಡುವವನ ಕೈಕೆಳಗೆ ಕೆಲಸ ಗಿಟ್ಟಿಸುತ್ತಾಳೆ. ನಾಲ್ವರೂ ಒಂದು ಲಾಟರಿ ಟಿಕೆಟ್ ಹುಡುಕಿಕೊಂಡು ಹೋಗಿ ಮನೆಯಿಲ್ಲದವರ ಆಶ್ರಯದಲ್ಲಿ ರಾತ್ರಿ ಕಳೆಯುವ ಸಂಚಿಕೆಯನ್ನೂ ನೋಡಿ.

ಇವತ್ತು ನೋಡಿದರೆ ಎಲ್ಲವೂ ಸರಿ ಅನ್ನಿಸುತ್ತಾ?

ಇಲ್ಲ. ಮೈತೂಕದ ಬಗ್ಗೆ, ರೂಪದ ಬಗ್ಗೆ ಬರುವ ಕೆಲವು ಹಾಸ್ಯಗಳು ಚುಚ್ಚುತ್ತವೆ. ಡೊರೊತಿಯ ರೂಪವನ್ನು ಅಷ್ಟು ಸಲ ಆಡಿಕೊಳ್ಳುವುದು ನನಗೆ ಹಿಡಿಸಲಿಲ್ಲ. 1988ರ ಒಂದು ಸಂಚಿಕೆಯಲ್ಲಿ ಡೊರೊತಿಯ ಮಗ ತನಗಿಂತ ತುಂಬ ದೊಡ್ಡವಳಾದ ಕಪ್ಪು ಹೆಂಗಸನ್ನು ಮದುವೆಯಾಗಲು ಹೊರಡುತ್ತಾನೆ. ಅವಳ ಮನೆಯವರು ಬಂದಾಗ ಬ್ಲಾಂಚ್, ರೋಸ್ ಮುಖಕ್ಕೆ ಮಣ್ಣಿನ ಲೇಪ ಹಚ್ಚಿಕೊಂಡು ಎದುರಾಗುತ್ತಾರೆ. ಕಪ್ಪು ಜನರನ್ನು ಅಣಕಿಸಲು ಮುಖಕ್ಕೆ ಮಸಿ ಬಳಿದುಕೊಳ್ಳುವ ಹಳೇ ಚಾಳಿ ನೆನಪಾಗುತ್ತದೆ ಅಂತ 2020ರಲ್ಲಿ ಹುಲು ಅನ್ನೋ ಅಮೆರಿಕದ ಸ್ಟ್ರೀಮಿಂಗ್ ತಾಣ ಅದನ್ನು ತೆಗೆದುಹಾಕಿತು.

ನಾಲ್ವರೂ ನಿಜ ಜೀವನದಲ್ಲೂ ಗೆಳತಿಯರಾ?

ತೆರೆಯ ಮೇಲಿನಷ್ಟು ಅಲ್ಲ. ಬೀ ಆರ್ಥರ್‌ಗೆ ತಾನಂದರೆ ಅಷ್ಟೇನೂ ಇಷ್ಟ ಇರಲಿಲ್ಲ ಅಂತ ಬೆಟ್ಟಿ ವೈಟ್ ಅವರೇ ಆಮೇಲೆ ಸಂದರ್ಶನದಲ್ಲಿ ಹೇಳಿದ್ದಾರೆ. ಬೀ ನಾಟಕರಂಗದಿಂದ ಬಂದವರು, ಬೆಟ್ಟಿ ಟಿವಿ ಹುಟ್ಟಿದ ಕಾಲದಿಂದ ಟಿವಿಯಲ್ಲೇ ಇದ್ದವರು. ಸ್ವಭಾವ ಬೇರೆ ಬೇರೆ. ಇದನ್ನು ಕೇಳಿ ಬೇಜಾರು ಮಾಡಿಕೊಳ್ಳುವವರಿದ್ದಾರೆ. ನನಗೆ ಅವರ ಮೇಲಿನ ಗೌರವ ಜಾಸ್ತಿಯಾಯಿತು. ಏಳು ವರ್ಷ, ವಾರ ವಾರವೂ, ಒಬ್ಬರ ಮಾತಿಗೆ ಇನ್ನೊಬ್ಬರು ಜಾಗ ಬಿಟ್ಟುಕೊಟ್ಟು ಕೆಲಸ ಮಾಡಿದ್ದಾರೆ ಅಲ್ವಾ?

ಎಸ್ಟೆಲ್ ಗೆಟ್ಟಿಗೆ ಪ್ರೇಕ್ಷಕರ ಮುಂದೆ ನಿಂತಾಗ ಭಯ. ಬರಬರುತ್ತಾ ಮಾತು ನೆನಪಿಡುವುದೂ ಕಷ್ಟವಾಯಿತು. ಮುಂದೆ ಅವರಿಗೆ ಲೂಯಿ ಬಾಡಿ ಡಿಮೆನ್ಷಿಯಾ ಅನ್ನೋ ಮರೆವಿನ ಕಾಯಿಲೆ ಇರುವುದು ತಿಳಿಯಿತು.

ಪ್ರಶಸ್ತಿಗಳು?

11 ಎಮ್ಮಿ, ಅಂದರೆ ಅಮೆರಿಕದ ಟಿವಿ ಕಾರ್ಯಕ್ರಮಗಳಿಗೆ ಕೊಡುವ ದೊಡ್ಡ ಪ್ರಶಸ್ತಿ. 1986 ಮತ್ತು 1987ರಲ್ಲಿ ಅತ್ಯುತ್ತಮ ಹಾಸ್ಯ ಧಾರಾವಾಹಿ. ಬೆಟ್ಟಿಗೆ 1986ರಲ್ಲಿ, ರೂಗೆ 1987ರಲ್ಲಿ, ಬೀ ಮತ್ತು ಎಸ್ಟೆಲ್‌ಗೆ 1988ರಲ್ಲಿ ಎಮ್ಮಿ ಬಂತು. ನಾಲ್ವರಲ್ಲಿ ಒಬ್ಬರೂ ಬರಿಗೈಯಲ್ಲಿ ಉಳಿಯಲಿಲ್ಲ. ಇಂಗ್ಲೆಂಡಿನ ರಾಣಿಯ ತಾಯಿಗೂ ಈ ಧಾರಾವಾಹಿ ಅಂದರೆ ಇಷ್ಟ. 1988ರಲ್ಲಿ ಲಂಡನ್‌ನ ರಾಯಲ್ ವೆರೈಟಿ ಕಾರ್ಯಕ್ರಮದಲ್ಲಿ ನಾಲ್ವರೂ ಅವರ ಮುಂದೆ ಅಭಿನಯಿಸಿದರು.

ಶುರುವಿನಲ್ಲಿ ಬರುವ ಹಾಡು ಯಾರದು?

‘ಥ್ಯಾಂಕ್ ಯೂ ಫಾರ್ ಬೀಯಿಂಗ್ ಎ ಫ್ರೆಂಡ್’. ಆಂಡ್ರೂ ಗೋಲ್ಡ್ ಬರೆದು ಹಾಡಿ 1978ರಲ್ಲೇ ಬಿಡುಗಡೆ ಮಾಡಿದ್ದ ಹಾಡು. ಧಾರಾವಾಹಿಗೆ ಹಾಡಿದವರು ಸಿಂಡಿ ಫೀ.

ಅಷ್ಟು ಚೆನ್ನಾಗಿ ನಡೆಯುತ್ತಿದ್ದದ್ದು ಯಾಕೆ ನಿಂತುಹೋಯಿತು?

ಏಳನೇ ಸೀಸನ್ ಆದ ಮೇಲೆ ಬೀ ಆರ್ಥರ್ ಸಾಕು ಅಂದರು. ಚೆನ್ನಾಗಿರುವಾಗಲೇ ನಿಲ್ಲಿಸಬೇಕು ಅನ್ನುವುದು ಅವರ ನಿಲುವು. ಕಥೆಯಲ್ಲಿ ಡೊರೊತಿ ಬ್ಲಾಂಚ್‌ಳ ಚಿಕ್ಕಪ್ಪ ಲೂಕಸ್‌ನನ್ನು ಮದುವೆಯಾಗುತ್ತಾಳೆ. ಲೆಸ್ಲಿ ನೀಲ್ಸನ್ ಆ ಪಾತ್ರ ಮಾಡಿದ್ದಾರೆ. ಕೊನೆಯ ದೃಶ್ಯದಲ್ಲಿ ಅವಳು ಎಲ್ಲರನ್ನೂ ತಬ್ಬಿಕೊಂಡು ಬಾಗಿಲು ದಾಟುತ್ತಾಳೆ. ಉಳಿದ ಮೂವರು ಅಳುತ್ತಾ ನಿಂತಿರುವಾಗ ಬಾಗಿಲು ತೆಗೆದು ಮತ್ತೆ ಬರುತ್ತಾಳೆ. ಹೋಗುತ್ತಾಳೆ. ಇನ್ನೊಂದು ಕಡೆಯಿಂದ ಮತ್ತೊಮ್ಮೆ ಬರುತ್ತಾಳೆ. ಊರಿಂದ ಹೊರಡುವಾಗ ಗೇಟಿನ ತನಕ ಹೋಗಿ ಏನೋ ಮರೆತೆ ಅಂತ ವಾಪಸ್ ಬರುತ್ತೇವಲ್ಲ, ಹಾಗೆ. 2.7 ಕೋಟಿಗೂ ಹೆಚ್ಚು ಜನ ಅದನ್ನು ನೋಡಿದರು.

ಉಳಿದ ಮೂವರು ‘ದಿ ಗೋಲ್ಡನ್ ಪ್ಯಾಲೇಸ್’ ಅನ್ನೋ ಹೋಟೆಲ್ ನಡೆಸುವ ಕಥೆ ಸಿಬಿಎಸ್ ಅನ್ನೋ ಇನ್ನೊಂದು ವಾಹಿನಿಯಲ್ಲಿ ಬಂತು. 24 ಸಂಚಿಕೆಗೇ ಮುಗಿಯಿತು. ನೋಡಬಹುದು, ಆದರೆ ಡೊರೊತಿ ಇಲ್ಲದ ಆ ಮೇಜು ಖಾಲಿ ಖಾಲಿ. ಇದೇ ಧಾರಾವಾಹಿಯಿಂದ ಹುಟ್ಟಿದ ‘ಎಂಪ್ಟಿ ನೆಸ್ಟ್’ ಮಾತ್ರ 1988ರಿಂದ 1995ರ ತನಕ ಓಡಿತು.

ಆ ಮನೆ ನಿಜವಾಗಿ ಎಲ್ಲಿದೆ?

ಮಯಾಮಿಯಲ್ಲಿ ಇಲ್ಲ. ಶುರುವಿನ ಸೀಸನ್‌ಗಳಲ್ಲಿ ಹೊರಗಿನಿಂದ ತೋರಿಸುವ ಮನೆ ಲಾಸ್ ಏಂಜಲೀಸ್‌ನದು, ಒಳಗಿನದೆಲ್ಲ ಅಲ್ಲಿನ ಸ್ಟುಡಿಯೋ ಸೆಟ್. ಆಮೇಲೆ ಫ್ಲೋರಿಡಾದ ಡಿಸ್ನಿ ಸ್ಟುಡಿಯೋ ಆವರಣದಲ್ಲಿ ಅದೇ ಥರದ ಮನೆಯ ಮುಂಭಾಗ ಕಟ್ಟಿದರು. 2003ರಲ್ಲಿ ಅದನ್ನು ಕೆಡವಿದರು.

ನಾಲ್ವರಲ್ಲಿ ಯಾರಾದರೂ ಈಗ ಇದ್ದಾರಾ?

ಯಾರೂ ಇಲ್ಲ. ಎಸ್ಟೆಲ್ ಗೆಟ್ಟಿ 2008ರ ಜುಲೈನಲ್ಲಿ, ಬೀ ಆರ್ಥರ್ 2009ರ ಏಪ್ರಿಲ್‌ನಲ್ಲಿ, ರೂ ಮೆಕ್ಲಾನಹನ್ 2010ರ ಜೂನ್‌ನಲ್ಲಿ ತೀರಿಕೊಂಡರು. ಬೆಟ್ಟಿ ವೈಟ್ 2021ರ ಡಿಸೆಂಬರ್ 31ರಂದು ಹೋದರು. ನೂರು ತುಂಬಲು ಮೂರು ವಾರವೂ ಇರಲಿಲ್ಲ. ಬೀ ಆರ್ಥರ್ ತಮ್ಮ ಉಯಿಲಿನಲ್ಲಿ ನ್ಯೂಯಾರ್ಕ್‌ನ ಆಲಿ ಫಾರ್ನಿ ಸೆಂಟರ್‌ಗೆ 3 ಲಕ್ಷ ಡಾಲರ್ ಬಿಟ್ಟುಹೋದರು. ಗೇ, ಲೆಸ್ಬಿಯನ್, ಟ್ರಾನ್ಸ್ ಅಂತ ಮನೆಯಿಂದ ಹೊರಹಾಕಿಸಿಕೊಂಡ ಹುಡುಗ ಹುಡುಗಿಯರಿಗೆ ಆಸರೆ ಕೊಡುವ ಸಂಸ್ಥೆ ಅದು.

ಇಂಗ್ಲಿಷ್ ಅಷ್ಟು ಬರದ ಅಮ್ಮ, ಅತ್ತೆಯರ ಜೊತೆ ನೋಡಬಹುದಾ?

ಧಾರಾಳವಾಗಿ. ಸಬ್‌ಟೈಟಲ್ ಹಾಕಿ, ಬೇಕಾದಲ್ಲಿ ನಿಲ್ಲಿಸಿ ಹೇಳಿ. ಬ್ಲಾಂಚ್‌ಳ ಮಾತುಗಳಲ್ಲಿ ಮಲಗುವ ಕೋಣೆಯ ವಿಷಯ ಜಾಸ್ತಿ, ಅದು ಮೊದಲೇ ಗೊತ್ತಿರಲಿ. ನಾನು ಮೊದಮೊದಲು ಅಂಥ ಕಡೆ ಬೇರೇನೋ ಹೇಳಿ ದಾಟಿಸುತ್ತಿದ್ದೆ. ನಾಲ್ಕನೇ ದಿನ ಅಮ್ಮ “ನಂಗೆ ಅರ್ಥ ಆಗತ್ತೆ, ನೀನು ಸುಮ್ನಿರು” ಅಂದರು. ಆಮೇಲೆ ಇಬ್ಬರೂ ಒಟ್ಟಿಗೇ ನಕ್ಕೆವು.

ಯಾವ ಸಂಚಿಕೆಯಿಂದ ಶುರು ಮಾಡಲಿ?

ಮೊದಲಿನಿಂದಲೇ ನೋಡಿ, ಸೋಫಿಯಾ ಮೊದಲ ಸಲ ಆ ಬಾಗಿಲಿಂದ ಒಳಗೆ ಬರುವುದನ್ನು ತಪ್ಪಿಸಿಕೊಳ್ಳಬೇಡಿ. ಪುರುಸೊತ್ತಿಲ್ಲ, ಒಂದೇ ಒಂದು ಸಂಚಿಕೆ ಹೇಳಿ ಅಂದರೆ, ಮೂರನೇ ಸೀಸನ್ನಿನ ಮೊದಲನೆಯದು. ಆಲ್ವಿನ್ ಮತ್ತು ಬೆಂಚಿನ ಕಥೆ ಅದರಲ್ಲೇ ಇದೆ. ರೋಸ್‌ಳ ಟೆಡ್ಡಿ ಗೊಂಬೆಯನ್ನು ಒಂದು ಪುಟ್ಟ ಹುಡುಗಿ ಒತ್ತೆ ಇಟ್ಟುಕೊಳ್ಳುವ ಕಥೆಯೂ ಅದರಲ್ಲೇ. ಅಮ್ಮ ಊರಿಗೆ ಹೊರಡುವ ಹಿಂದಿನ ರಾತ್ರಿ, ಸೂಟ್‌ಕೇಸ್ ಮುಚ್ಚಿ, ನಾವಿಬ್ಬರೂ ಮತ್ತೆ ಹಾಕಿಕೊಂಡು ನೋಡಿದ್ದು ಅದನ್ನೇ.